ಕಾಟಾ ಮನೆ ಕಂಪ್ಯೂಟರ್ ಲಾಕ್ ಆಗಿ ಮೂರು ದಿನ ಮಿಲ್ ನಿಂತಿತು, ಹುಡುಗನನ್ನು ತೆಗೆಯಬೇಕಾ?

ಕಾರಟಗಿ_ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ. ನಾನು ಕಾರಟಗಿ ಕಡೆಯ ಒಂದು ರೈಸ್ ಮಿಲ್‌ನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ, ಹನ್ನೊಂದು ವರ್ಷವಾಯಿತು. ಮಿಲ್ ಹೆಸರು ಕೇಳಬೇಡಿ.

ಎರಡು ವಾರದ ಹಿಂದೆ, ಸುಗ್ಗಿ ಜೋರಾಗಿ ನಡೆದಿರುವಾಗಲೇ, ಒಂದು ಬೆಳಿಗ್ಗೆ ಕಾಟಾ ಮನೆಯ, ಅಂದರೆ ಗಾಡಿ ತೂಗುವ ಜಾಗದ, ಕಂಪ್ಯೂಟರಿನಲ್ಲಿ ಯಾವ ಫೈಲೂ ತೆರೆಯಲಿಲ್ಲ. ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ದುಡ್ಡು ಕೊಟ್ಟರೆ ಫೈಲ್ ಬಿಡುತ್ತೇವೆ ಅಂತ. ಅರ್ಧ ಗಂಟೆಯಲ್ಲಿ ಆಫೀಸಿನಲ್ಲಿ ಲೆಕ್ಕ ಇಡುವ ಟ್ಯಾಲಿ ಕಂಪ್ಯೂಟರಿನದೂ ಅದೇ ಕಥೆ. ಬ್ಯಾಕಪ್ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಆ ಹಾರ್ಡ್ ಡಿಸ್ಕನ್ನು ಟ್ಯಾಲಿ ಕಂಪ್ಯೂಟರಿಗೇ ಚುಚ್ಚಿ ಇಟ್ಟಿದ್ದೆವು, ಮೂರು ವರ್ಷದಿಂದ ಯಾರೂ ತೆಗೆದಿಲ್ಲ. ಬೀಗದ ಕೈಯನ್ನು ಬೀಗದಲ್ಲೇ ಬಿಟ್ಟ ಹಾಗೆ. ಅದೂ ಹೋಯಿತು.

ಕಾಟಾದ ಇಂಡಿಕೇಟರ್ ಡಬ್ಬಿ ನಡೆಯುತ್ತಲೇ ಇತ್ತು, ತೂಕದ ಅಂಕಿ ಕಾಣುತ್ತಿತ್ತು. ಆದರೆ ಬರೆದುಕೊಡಲು ಚೀಟಿ ಪುಸ್ತಕವೇ ಇಲ್ಲ. ಹಳೆಯ ಕಾರ್ಬನ್ ಪುಸ್ತಕಗಳನ್ನು ಗೋಡೌನಿನಲ್ಲಿ ಇಲಿ ತಿಂದು ಮುಗಿಸಿದ್ದವು. ನೋಟ್‌ಬುಕ್ ಹಾಳೆಯಲ್ಲಿ ಬರೆದುಕೊಟ್ಟರೆ ರೈತರು ತಗೊಳ್ಳಲಿಲ್ಲ. ತಗೊಳ್ಳಲಿ ಯಾಕೆ? 75 ಕೆಜಿ ಚೀಲದ ಲೆಕ್ಕದಲ್ಲಿ ಒಂದೊಂದು ಕೆಜಿಗೂ ಜಗಳ ಆಗುವ ಊರು ನಮ್ಮದು. ಟ್ರ್ಯಾಕ್ಟರ್ ಸಾಲು ರಸ್ತೆವರೆಗೆ ಬಂತು, ಹಸಿ ಭತ್ತ ಟ್ರಾಲಿಯಲ್ಲೇ ಬಿಸಿಯಾಗತೊಡಗಿತು, ಎರಡನೇ ದಿನಕ್ಕೆ ಅರ್ಧ ಜನ ಬೇರೆ ಮಿಲ್‌ಗೆ ತಿರುಗಿಸಿದರು.

ಇನ್ನೊಂದು ಕಡೆ ಬೆಂಗಳೂರಿಗೆ ಹೋಗಬೇಕಿದ್ದ ಎರಡು ಲೋಡ್, 25 ಕೆಜಿ ಬ್ರಾಂಡ್ ಚೀಲ. ಅದಕ್ಕೆ 5 ಪರ್ಸೆಂಟ್ ಜಿಎಸ್‌ಟಿ ಇದೆ, ಬಿಲ್ 50 ಸಾವಿರ ದಾಟಿದೆ, ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಇ-ವೇ ಬಿಲ್ ಬೇಕೇ ಬೇಕು. ಅದನ್ನು ಯಾವ ಕಂಪ್ಯೂಟರಿನಿಂದಲೂ ಮಾಡಬಹುದಲ್ಲ ಅಂತ ಕೇಳುತ್ತೀರಿ. ಪಾಸ್‌ವರ್ಡ್ ಆ ಸತ್ತ ಕಂಪ್ಯೂಟರಿನೊಳಗೆ ಸೇವ್ ಆಗಿತ್ತು, ಯಾರಿಗೂ ನೆನಪಿಲ್ಲ. ಒಟಿಪಿ ಹೋಗುವ ನಂಬರು ನಮ್ಮ ಹಳೆಯ ಲೆಕ್ಕಿಗರದ್ದು, ಅವರು ಬಿಟ್ಟು ಹೋಗಿ ಎರಡು ವರ್ಷ. ಎರಡು ಲಾರಿ, ಮೂರು ದಿನ, ಹಾಲ್ಟಿಂಗ್ ಚಾರ್ಜ್ ಬೇರೆ.

ಆಮೇಲೆ ಗೊತ್ತಾಗಿದ್ದು ಇಷ್ಟು. ಕಾಟಾ ಹುಡುಗ ಹಿಂದಿನ ದಿನ ಮಧ್ಯಾಹ್ನವೇ ವಾಟ್ಸಾಪ್ ವೆಬ್‌ನಲ್ಲಿ ಬಂದ ಒಂದು ಫೈಲ್ ಒತ್ತಿದ್ದ. "ನಿಮ್ಮ ಲೋಡ್ ರಿಜೆಕ್ಟ್ ಆಗಿದೆ, ವಿವರ ನೋಡಿ" ಅಂತ ಇತ್ತಂತೆ. ಒತ್ತಿದ ಮೇಲೆ ಕಪ್ಪು ಪರದೆಯೊಂದು ಬಂದು ಮಾಯವಾಯಿತು. ಅವನಿಗೆ ಆಗಲೇ ಅನುಮಾನ ಬಂದಿತ್ತು. ಹೇಳಲಿಲ್ಲ. ಹೋದ ವರ್ಷ ಪ್ರಿಂಟರ್ ಕೆಟ್ಟಾಗ ಸಾವ್ಕಾರರು ಹಮಾಲರ ಮುಂದೆಯೇ ಬೈದಿದ್ದರು, ಸಂಬಳದಲ್ಲೂ ಹಿಡಿದಿದ್ದರು. "ಅದಕ್ಕ ಸುಮ್ನ ಎದ್ದು ಚಾ ಕುಡಿಯಾಕ ಹೋದೆ ರೀ" ಅಂದ.

ಈಗ ಸಾವ್ಕಾರರು ಅವನನ್ನು ತೆಗೆದು ಒಳ್ಳೆಯ ಆಂಟಿವೈರಸ್ ಹಾಕಿಸೋಣ ಅನ್ನುತ್ತಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಅವರ ಮುಂದೆ ಸರಿಯಾಗಿ ಹೇಳಲು ಬರುತ್ತಿಲ್ಲ. ನೀವೇನು ಹೇಳುತ್ತೀರಿ?

ಬಳ್ಳಾರಿ_ಜೀನ್ಸ್

ತೆಗೆಯಿರಿ ಅಂತಲೇ ನನ್ನ ಮಾತು. ಒತ್ತಿದ್ದು ತಪ್ಪು, ಮುಚ್ಚಿಟ್ಟಿದ್ದು ಇನ್ನೂ ದೊಡ್ಡ ತಪ್ಪು. ನನ್ನದು 22 ಮಿಷಿನ್ನಿನ ಹೊಲಿಗೆ ಯೂನಿಟ್. ಜಿಪ್ ಸೊಟ್ಟ ಕೂರಿಸಿದರೆ ಪೀಸ್ ರಿಜೆಕ್ಟ್, ಕೂಲಿ ಕಟ್. ಯಾರೂ ಕಲ್ಚರ್ ಗಿಲ್ಚರ್ ಅನ್ನುವುದಿಲ್ಲ. ಸೆಕ್ಯುರಿಟಿ, ಪಾಲಿಸಿ, ಟ್ರೈನಿಂಗ್, ಇವೆಲ್ಲ ಬೆಂಗಳೂರಿನ ಗಾಜಿನ ಬಿಲ್ಡಿಂಗ್‌ನವರಿಗೆ. ಅಷ್ಟಕ್ಕೂ ನಮ್ಮಂಥವರನ್ನು ಹುಡುಕಿಕೊಂಡು ಯಾವ ಹ್ಯಾಕರ್ ಬರುತ್ತಾನೆ? ನಿಮ್ಮದು ನಸೀಬು ಕೆಟ್ಟಿತ್ತು, ಅಷ್ಟೇ.

ರಾಯಚೂರು_ಟು_ಬೆಂಗಳೂರು

ಜೀನ್ಸ್ ಅಣ್ಣ, ಬೇಜಾರಾಗಬೇಡಿ, ನಿಮ್ಮ ಲೆಕ್ಕ ಉಲ್ಟಾ ಇದೆ. ನಾನು ಕಂಪ್ಯೂಟರ್ ಸೆಕ್ಯುರಿಟಿ ಕೆಲಸದವನೇ. ಊರು ರಾಯಚೂರು, ಅನ್ನ ಬೆಂಗಳೂರಿನದು. ಹೌದು, ಗಾಜಿನ ಬಿಲ್ಡಿಂಗೇ.

ಹುಡುಗ ಫೈಲ್ ಒತ್ತಿದ್ದು ದೊಡ್ಡ ಮಾತೇ ಅಲ್ಲ. ಯಾರು ಬೇಕಾದರೂ ಒತ್ತುತ್ತಾರೆ. ನಾನೂ ಒತ್ತಿದ್ದೇನೆ, ನಮ್ಮ ಆಫೀಸಿನವರೇ ಪರೀಕ್ಷೆಗೆ ಕಳಿಸಿದ ಮೇಲ್, ಬೋನಸ್ ಪಟ್ಟಿ ಅಂತ ಇತ್ತು, ತಡೆದುಕೊಳ್ಳಲು ಆಗಲಿಲ್ಲ. ನೋಡಬೇಕಾದ್ದು ಮಧ್ಯಾಹ್ನದಿಂದ ಮರುದಿನ ಬೆಳಿಗ್ಗೆವರೆಗಿನ ಆ ಹೊತ್ತನ್ನು. ಇಂಥವು ಒಳಗೆ ಬಂದ ಕೂಡಲೇ ಬೀಗ ಹಾಕುವುದು ಕಡಿಮೆ. ಮೊದಲು ಮನೆಯೆಲ್ಲ ಸುತ್ತಿ ನೋಡುತ್ತಾರೆ: ಪಕ್ಕದ ಕಂಪ್ಯೂಟರಿಗೆ ದಾರಿ ಇದೆಯಾ, ಬ್ಯಾಕಪ್ ಎಲ್ಲಿದೆ ಅಂತ. ಆಮೇಲೆ ರಾತ್ರಿನೋ ರಜಾ ದಿನನೋ ನೋಡಿ ಹೊಡೆಯುತ್ತಾರೆ. ಹುಡುಗ ಆ ಮಧ್ಯಾಹ್ನ ಓಡಿ ಬಂದು ಹೇಳಿದ್ದರೆ, ನೀವು ನೆಟ್ ವೈರ್ ಕಿತ್ತಿದ್ದರೆ, ಬಹುಶಃ ಹೋಗುತ್ತಿದ್ದದ್ದು ಒಂದೇ ಕಂಪ್ಯೂಟರ್. ಟ್ಯಾಲಿ ಉಳಿಯುತ್ತಿತ್ತು. ಅವನ ಬಾಯಿ ಕಟ್ಟಿದ್ದು ಹೋದ ವರ್ಷದ ಪ್ರಿಂಟರ್ ಬೈಗುಳ. ಹಾಗಾಗಿ ಈ ಸಲದ ನಷ್ಟದಲ್ಲಿ ಆ ಬೈಗುಳದ ಪಾಲು ಎಷ್ಟು ಅಂತ ಸಾವ್ಕಾರರೇ ಕೂಡಿ ಕಳೆದು ನೋಡಲಿ.

ಅನುಮಾನ ಬಂದರೆ ಕೇಳುವ ಅಭ್ಯಾಸ ಎಷ್ಟು ದೂರ ಹೋಗುತ್ತದೆ ಅನ್ನಲು ಒಂದು ಕಥೆ. 2020ರಲ್ಲಿ ಅಮೆರಿಕದ ಫೈರ್‌ಐ ಅನ್ನುವ ಸೈಬರ್ ಸೆಕ್ಯುರಿಟಿ ಕಂಪನಿಯಲ್ಲಿ ಒಬ್ಬ ಉದ್ಯೋಗಿಯ ಹೆಸರಿನಲ್ಲಿ ಲಾಗಿನ್‌ಗೆ ಎರಡನೇ ಫೋನ್ ನೋಂದಣಿ ಆಗಿದ್ದು ಅಲ್ಲಿನ ಸೆಕ್ಯುರಿಟಿಯವರ ಕಣ್ಣಿಗೆ ಬಿತ್ತು. ಜನ ಹೊಸ ಫೋನ್ ತಗೊಳ್ಳುತ್ತಲೇ ಇರುತ್ತಾರೆ, ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಆ ಉದ್ಯೋಗಿಗೇ ಕೇಳಿದರು, ಇದು ನಿಮ್ಮ ಫೋನಾ? ನನ್ನದಲ್ಲ ಅಂತ ಉತ್ತರ ಬಂತು. ಆ ಒಂದು ಎಳೆ ಹಿಡಿದು ಎಳೆದಾಗ ಸೋಲಾರ್‌ವಿಂಡ್ಸ್ ಅನ್ನುವ ಸಾಫ್ಟ್‌ವೇರ್ ಕಂಪನಿಯ ಹಗರಣವೇ ಹೊರಬಿತ್ತು. ಆ ಕಂಪನಿಯ ಒರಾಯನ್ ಸಾಫ್ಟ್‌ವೇರಿನ ಅಪ್‌ಡೇಟ್‌ನೊಳಗೇ ಹ್ಯಾಕರ್‌ಗಳು ಕಳ್ಳಬಾಗಿಲು ಕೂರಿಸಿದ್ದರು, ಸುಮಾರು 18,000 ಗ್ರಾಹಕರಿಗೆ ಆ ಅಪ್‌ಡೇಟ್ ತಲುಪಿತ್ತು. ಅಮೆರಿಕದ ಸರ್ಕಾರಿ ಇಲಾಖೆಗಳೇ ಅದರಲ್ಲಿ ಸಿಕ್ಕಿದ್ದವು. ತಿಂಗಳುಗಟ್ಟಲೆ ಯಾರಿಗೂ ಕಾಣದ್ದು ಒಂದು ಪ್ರಶ್ನೆಯಿಂದ ಕಂಡಿತು.

ಇನ್ನು "ನಮ್ಮಂಥವರನ್ನು ಯಾರು ಹುಡುಕುತ್ತಾರೆ" ಅನ್ನುವುದು. 2022ರ ಮಾರ್ಚ್ 1ರಂದು ಟೊಯೊಟಾ ಜಪಾನಿನಲ್ಲಿರುವ ತನ್ನ 14 ಕಾರ್ಖಾನೆ, 28 ಲೈನ್ ಅಷ್ಟನ್ನೂ ನಿಲ್ಲಿಸಿತು. ಒಂದೇ ದಿನಕ್ಕೆ ಸುಮಾರು 13,000 ಗಾಡಿ ತಯಾರಾಗಲಿಲ್ಲ. ಟೊಯೊಟಾಗೆ ಯಾರೂ ಕೈ ಹಾಕಿರಲಿಲ್ಲ. ಅವರಿಗೆ ಪ್ಲಾಸ್ಟಿಕ್ ಭಾಗ ಮಾಡಿಕೊಡುವ ಕೊಜಿಮಾ ಅನ್ನುವ ಕಂಪನಿಗೆ ಹೊಡೆದಿದ್ದರು. ಅದೂ ನೇರವಾಗಿ ಅಲ್ಲ, ಕೊಜಿಮಾದ ಕೈಕೆಳಗಿನ ಇನ್ನೊಂದು ಕಂಪನಿ ದೂರದಿಂದ ಲಾಗಿನ್ ಆಗಲು ಇಟ್ಟುಕೊಂಡಿದ್ದ ಸಲಕರಣೆಯ ಮೂಲಕ ಒಳಗೆ ಬಂದಿದ್ದರು. ಅಣ್ಣ, ನಿಮ್ಮ ಜೀನ್ಸ್ ಯಾವ ಬ್ರಾಂಡ್‌ಗೆ ಹೋಗುತ್ತದೋ ಅವರ ಬಿಲ್ಲಿಂಗ್‌ಗೆ ನಿಮ್ಮ ಹತ್ತಿರ ಲಾಗಿನ್ ಇದೆಯಾ? ಇದ್ದರೆ ನೀವೂ ಒಂದು ಬಾಗಿಲೇ.

ಶಕ್ತಿನಗರ_ಹುಡುಗ

ಇದಕ್ಕೊಂದು ತಮಾಷೆ ಕಥೆ ಇದೆ. 2017ರ ಜೂನ್ 27, ನಾಟ್‌ಪೆಟ್ಯಾ ಅನ್ನುವ ವೈರಸ್ ದಾಳಿ. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಎಂ.ಇ.ಡಾಕ್ ಅನ್ನುವ ಸಾಫ್ಟ್‌ವೇರಿನ ಅಪ್‌ಡೇಟಿನಿಂದ ಹರಡಿತು. ನಮ್ಮ ಟ್ಯಾಲಿ ಥರದ್ದು ಅಂದುಕೊಳ್ಳಿ. ಹಡಗು ಕಂಪನಿ ಮಾರ್ಸ್ಕ್ ಪೂರ್ತಿ ಮಲಗಿತು, ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನಲ್ಲಿ ಅವರು ನಡೆಸುವ ಟರ್ಮಿನಲ್ಲೂ ನಿಂತಿತು. 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಬೇಕಾಯಿತು. ಅವರ ನೆಟ್‌ವರ್ಕಿಗೆ ತಲೆಯಂತಿದ್ದ ಸರ್ವರುಗಳ ಪ್ರತಿ ಜಗತ್ತಿನ ಎಲ್ಲ ಆಫೀಸಿನಲ್ಲೂ ಅಳಿಸಿಹೋಗಿತ್ತು, ಘಾನಾ ದೇಶದಲ್ಲಿ ಒಂದು ಬಿಟ್ಟು. ಅಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿತ್ತು!

ಇಲ್ಲಿ ವಿದ್ಯುತ್ ಸ್ಥಾವರದ ಚಿಮಣಿ ಪಕ್ಕದಲ್ಲೇ ಇದ್ದೇವೆ, ಊರಿಗೆಲ್ಲ ಕರೆಂಟ್ ಕಳಿಸುತ್ತೇವೆ, ನಮ್ಮ ಓಣಿಯಲ್ಲಿ ಮಾತ್ರ ಹೋಗುತ್ತಲೇ ಇರುತ್ತದೆ. ಆ ಲೆಕ್ಕದಲ್ಲಿ ನಾವೇ ಭಾರಿ ಸೇಫ್.

ಲೆಕ್ಕದಕ್ಕ_ಗಂಗಾವತಿ

ಗುಮಾಸ್ತರೇ, ಆ ಹಳೆಯ ಲೆಕ್ಕಿಗರು ನಾನಲ್ಲ ತಾನೇ? ನನ್ನ ಫೋನಿಗೆ ಈಗಲೂ ಬಿಟ್ಟುಹೋದ ನಾಲ್ಕು ಪಾರ್ಟಿಗಳ ಒಟಿಪಿ ಬರುತ್ತಿದೆ. ನಂಬರ್ ಬದಲಾಯಿಸಿಕೊಳ್ಳಿ ಅಂತ ಹೇಳಿ ಹೇಳಿ ಸಾಕಾಗಿದೆ. "ಇರಲಿ ಬಿಡಿ ಅಕ್ಕಾ, ನೀವು ಮನೆಯವರಿದ್ದಂಗ" ಅನ್ನುತ್ತಾರೆ. ಪ್ರೀತಿ ಹೌದು, ನಾಳೆ ನನ್ನ ಫೋನ್ ಕಳೆದರೆ?

ನನ್ನದೊಂದು ಅನುಭವ. ಸಿಂಧನೂರು ಕಡೆಯ ಒಬ್ಬ ಪಾರ್ಟಿ, ಅಕ್ಕಿ ತುಂಬುವ ಪ್ಲಾಸ್ಟಿಕ್ (ಪಿಪಿ) ಚೀಲ ತರಿಸುವವರು. ಚೀಲ ಕಳಿಸುವ ಸಪ್ಲೈಯರ್ ಮೇಲ್‌ನಿಂದಲೇ, ಅದೇ ಹಳೆಯ ಮಾತುಕತೆಯ ಕೆಳಗೆ, ಒಂದು ಉತ್ತರ ಬಂತು. ಹಳೆಯ ಖಾತೆ ಆಡಿಟ್‌ನಲ್ಲಿದೆ, ಈ ಹೊಸ ಖಾತೆಗೆ ಹಾಕಿ ಅಂತ. 6 ಲಕ್ಷ 40 ಸಾವಿರ. ಸುಗ್ಗಿ ಹೊತ್ತು, ಚೀಲ ಇಲ್ಲದೆ ಮಿಲ್ ನಡೆಯುವುದಿಲ್ಲ. ಮಾಲೀಕರು ಎರಡು ನಿಮಿಷಕ್ಕೊಮ್ಮೆ ಫೋನ್, ಹಾಕಿದ್ರಾ, ಹಾಕಿದ್ರಾ. ನನಗೆ ಆ ಮೇಲ್‌ನಲ್ಲಿ ಒಂದು ಸರಿ ಬರಲಿಲ್ಲ. ಆ ಸಪ್ಲೈಯರ್ ಯಾವತ್ತೂ "ನಮಸ್ಕಾರ ಮೇಡಂ" ಅನ್ನದೆ ಶುರು ಮಾಡಿದವರಲ್ಲ. ನಾನು ಮೇಲ್‌ನಲ್ಲಿದ್ದ ನಂಬರಿಗೆ ಮಾಡಲಿಲ್ಲ. ಎರಡು ವರ್ಷದ ಹಿಂದಿನ ಬಿಲ್ ತೆಗೆದು ಅದರಲ್ಲಿ ಅಚ್ಚಾಗಿದ್ದ ನಂಬರಿಗೆ ಮಾಡಿದೆ. ಅವರು ಊಟಕ್ಕೆ ಹೋಗಿದ್ದರು. ಒಂದೂವರೆ ಗಂಟೆ ಕಾದೆ, ಮಾಲೀಕರಿಂದ ಬೈಸಿಕೊಂಡೆ. ಕೊನೆಗೆ ಅವರು ಸಿಕ್ಕು "ಇಲ್ಲ ಮೇಡಂ, ಖಾತೆ ಅದೇ ಇದೆ" ಅಂದರು. ಅವರ ಮೇಲ್ ಯಾರ ಕೈಗೋ ಸಿಕ್ಕಿತ್ತು, ಅವರಿಗೇ ಗೊತ್ತಿರಲಿಲ್ಲ.

ಮಾಲೀಕರು ಥ್ಯಾಂಕ್ಸ್ ಅನ್ನಲಿಲ್ಲ. ಮರುದಿನ ಆಫೀಸಿಗೆ ಒಗ್ಗರಣಿ ಮಿರ್ಚಿ ಕಳಿಸಿದರು, ಎಲ್ಲರಿಗೂ ಆಗುವಷ್ಟು. ಅರ್ಥ ಆಯಿತು.

ಅವತ್ತಿನಿಂದ ನನ್ನ ಎಲ್ಲ ಪಾರ್ಟಿಗಳಿಗೂ ಒಂದೇ ಮಾತು. ಖಾತೆ ಬದಲಾವಣೆ ಅಂದರೆ ಹಳೆಯ ನಂಬರಿಗೆ ಫೋನ್ ಆಗಲೇಬೇಕು, ಮಾಲೀಕರೇ ತಲೆ ಮೇಲೆ ನಿಂತು ಅವಸರ ಮಾಡಿದರೂ. ಅಕಸ್ಮಾತ್ ದುಡ್ಡು ಹೋಗಿಬಿಟ್ಟರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ನಾಚಿಕೆಗೆ ಒಂದು ದಿನ ಕೂತರೆ ಮುಗಿಯಿತು.

ಲಾರಿ_ಆಫೀಸ್_ಸಿಂಧನೂರು

ನೀವೆಲ್ಲ ಕಂಪ್ಯೂಟರ್ ಹಿಡಿದುಕೊಂಡು ಕೂತಿದ್ದೀರಿ. ಲೋಡ್ ಸಮೇತ ಲಾರಿಯೇ ಮಾಯ ಆಗುವುದು ನೋಡಿಲ್ಲವಾ? ಆನ್‌ಲೈನಿನಲ್ಲಿ ಲೋಡ್ ಹಾಕುತ್ತೀರಿ, ಯಾರೋ ಬ್ರೋಕರ್ ಗಾಡಿ ಕಳಿಸುತ್ತಾನೆ, ಆರ್‌ಸಿ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತದೆ, ನಂಬರ್ ಪ್ಲೇಟ್ ಅದೇ ಇರುತ್ತದೆ. ಗಾಡಿ ಮಾತ್ರ ಬೇರೆ.

ನಮ್ಮಲ್ಲಿ ಹಿಡಿದದ್ದು ಒಬ್ಬ ಹಮಾಲ. ಚೀಲ ಏರಿಸುತ್ತಿದ್ದವನು ಬಂದು "ಗಾಡಿ ಹಳೇದು, ಪ್ಲೇಟಿನ ಬೋಲ್ಟ್ ಮಾತ್ರ ಹೊಸಾವು ಅದಾವ ನೋಡ್ರಿ" ಅಂದ. ನಾನು ಮೊದಲು ನಕ್ಕೆ. ಆಮೇಲೆ ಆರ್‌ಸಿಯಲ್ಲಿದ್ದ ಮಾಲೀಕರನ್ನು ಹುಡುಕಿ ಫೋನ್ ಮಾಡಿದರೆ ಅವರ ಗಾಡಿ ಆ ಹೊತ್ತಿಗೆ ಸೊಲ್ಲಾಪುರದಲ್ಲಿ ನಿಂತಿತ್ತು. ಡ್ರೈವರ್ ಮೂತ್ರಕ್ಕೆ ಹೋಗುತ್ತೇನೆ ಅಂದವನು ತಿರುಗಿ ಬರಲಿಲ್ಲ. ಈಗ ಆ ಹಮಾಲನೇ ಗೇಟಿನಲ್ಲಿ ಗಾಡಿ ನೋಡಿ ಒಳಗೆ ಬಿಡುತ್ತಾನೆ, ದಿನಕ್ಕೆ ಐವತ್ತು ರೂಪಾಯಿ ಜಾಸ್ತಿ. ಕ್ಯಾಮೆರಾ ಹನ್ನೆರಡು ಇವೆ. ಅವುಗಳಲ್ಲಿ ಒಂದೂ ಆ ಬೋಲ್ಟ್ ನೋಡಲಿಲ್ಲ.

ತೋರಣಗಲ್ಲು_ಶಿಫ್ಟ್

ನಾನು ದೊಡ್ಡ ಕಾರ್ಖಾನೆಗಳಿಗೆ ಮೇಂಟೆನೆನ್ಸ್ ಕೆಲಸಕ್ಕೆ ಹೋಗುವ ಕಾಂಟ್ರಾಕ್ಟ್ ಸೂಪರ್‌ವೈಸರ್. ಒಂದು ಮಾತು ಸೇರಿಸುತ್ತೇನೆ. ಬೆಂಕಿ, ಎತ್ತರ, ಗ್ಯಾಸ್ ಇರುವ ಕಡೆ ಕೆಲಸ ಮಾಡುವವರಿಗೆ ಈ ವಿಷಯ ಹೊಸದಲ್ಲ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಟೂಲ್‌ಬಾಕ್ಸ್ ಟಾಕ್ ಅಂತ ಐದು ಹತ್ತು ನಿಮಿಷ ನಿಂತು ಮಾತಾಡುತ್ತೇವೆ. "ನಿಯರ್ ಮಿಸ್" ಅಂತ ಒಂದು ಪುಸ್ತಕ ಇರುತ್ತದೆ. ಪಾನಾ ಮೇಲಿಂದ ಬಿತ್ತು, ಯಾರಿಗೂ ತಾಗಲಿಲ್ಲ, ಆದರೂ ಬರೆಯಬೇಕು. ಬರೆದವನಿಗೆ ಶಿಕ್ಷೆ ಇಲ್ಲ, ಇವತ್ತು ತಾಗದ್ದು ನಾಳೆ ತಲೆ ಮೇಲೆ ಬೀಳಬಹುದು ಅನ್ನುವ ಲೆಕ್ಕ. ಗುಮಾಸ್ತರ ಹುಡುಗ ನೋಡಿದ ಆ ಕಪ್ಪು ಪರದೆ ಇದೆಯಲ್ಲ, ಅದೂ ಒಂದು ಬಿದ್ದ ಪಾನಾ. ಬರೆಯಲು ಪುಸ್ತಕ ಇರಲಿಲ್ಲ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ತಿಂಗಳಿಗೆ ಇಷ್ಟು ನಿಯರ್ ಮಿಸ್ ಬರಲೇಬೇಕು ಅಂತ ಟಾರ್ಗೆಟ್ ಕೊಟ್ಟ ಕಡೆ ಏನಾಗುತ್ತದೆ ಗೊತ್ತಾ? 30ನೇ ತಾರೀಕು ಕೂತು ಕಥೆ ಬರೆಯುತ್ತಾರೆ. "ನೆಲದ ಮೇಲೆ ಬಾಳೆಹಣ್ಣಿನ ಸಿಪ್ಪೆ" ಅಂತ ಒಂದೇ ತಿಂಗಳಲ್ಲಿ ಏಳು ಸಲ ಓದಿದ್ದೇನೆ. ಸೆಕ್ಯುರಿಟಿ ಟ್ರೈನಿಂಗೂ ಹಾಗೇ, ವಿಡಿಯೋ ಓಡಿಸಿ ಸಹಿ ಹಾಕಿಸಿಕೊಂಡರೆ ಕಾಗದ ತುಂಬುತ್ತದೆ, ಅಷ್ಟೇ.

ನಮ್ಮ ಲೈನಿಗೆ ಹತ್ತಿರದ ಒಂದು ಉದಾಹರಣೆ ಅಂದರೆ ನಾರ್ವೆಯ ನಾರ್ಸ್ಕ್ ಹೈಡ್ರೊ, ಅಲ್ಯೂಮಿನಿಯಂ ಕಂಪನಿ, 35,000 ಜನ. 2019ರ ಮಾರ್ಚ್ 19ರಂದು ಅವರಿಗೆ ರಾನ್ಸಮ್‌ವೇರ್, ಅಂದರೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್, ಬಡಿಯಿತು. ಬಂದ ದಾರಿ ಒಬ್ಬ ನಂಬಿಕೆಯ ಗ್ರಾಹಕರ ಮೇಲ್. ಲೆಕ್ಕದಕ್ಕ ಹೇಳಿದ ಹಾಗೇ. ಅವರು ದುಡ್ಡು ಕೊಡಲಿಲ್ಲ. ಕಂಪ್ಯೂಟರ್ ನೆಟ್‌ವರ್ಕಿಗೆ ಜೋಡಿಸಬೇಡಿ ಅಂತ ಬಾಗಿಲಿಗೆ ಕಾಗದ ಅಂಟಿಸಿದರು. ಕಾಗದದಲ್ಲೇ ಆರ್ಡರ್ ನೋಡಿಕೊಂಡು ಕೈಯಲ್ಲಿ ಮಿಷಿನ್ ನಡೆಸಿದರು, ಹಳೆಯ ಪದ್ಧತಿ ಗೊತ್ತಿದ್ದ ನಿವೃತ್ತರು ಕೆಲವರು ತಿರುಗಿ ಬಂದು ಕೈ ಹಾಕಿದರು. ಏನಾಗಿದೆ ಅಂತ ಪತ್ರಿಕೆಯವರನ್ನು ಕರೆದು ಬಿಚ್ಚಿ ಹೇಳಿದರು. ನಷ್ಟ ಕೋಟಿಗಟ್ಟಲೆ ಆಯಿತು, ಆದರೆ ಗ್ರಾಹಕರು ಬಿಟ್ಟು ಓಡಲಿಲ್ಲ.

ಗುಮಾಸ್ತರೇ, ನಿಮ್ಮ ಮಿಲ್‌ನಲ್ಲಿ ಕಂಪ್ಯೂಟರ್ ಬರುವ ಮುಂಚೆ ಕಾಟಾ ಬರೆಯುತ್ತಿದ್ದ ಯಜಮಾನರು ಯಾರಾದರೂ ಇದ್ದಾರಾ? ಅವರನ್ನು ಒಂದು ದಿನ ಕರೆಸಿ, ಚಹಾ ಕುಡಿಸಿ, ಆ ಕಾಲದಲ್ಲಿ ಹೇಗೆ ನಡೆಸುತ್ತಿದ್ದಿರಿ ಅಂತ ಕೇಳಿ.

ಮುನಿರಾಬಾದ್_ಕಾಲುವೆ

ಮಾಲು ಕೈಯಿಂದ ಕೈಗೆ ಹೋಗುವ ಸಾಲಿಗೆ ಸಪ್ಲೈ ಚೈನ್ ಅನ್ನುತ್ತಾರಲ್ಲ, ಹಾಗಂದ ಕೂಡಲೇ ನನಗೆ ನೆನಪಾಗುವುದು ನಿಜವಾದ ಚೈನು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿಯಿತು. 33 ಗೇಟಿನಲ್ಲಿ ಒಂದು. ಆ ಒಂದಕ್ಕೆ ಬಳ್ಳಾರಿ, ಕೊಪ್ಪಳ, ರಾಯಚೂರು, ಅತ್ತ ಆಂಧ್ರ, ತೆಲಂಗಾಣ, ಎಲ್ಲ ಕಡೆಯ ರೈತರ ಎದೆ ಹೊಡೆದುಕೊಂಡಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಗೇಟ್, ಇಳಿಸಿದರು, ಅದು ದೊಡ್ಡ ಕೆಲಸ. ಯಾರ ತಪ್ಪು ಅನ್ನುವ ಚರ್ಚೆ ಇಲ್ಲಿ ಬೇಡ.

ಆದರೆ ಗುಮಾಸ್ತರ ಹಾರ್ಡ್ ಡಿಸ್ಕ್ ಓದಿ ಅದೇ ನೆನಪಾಯಿತು. ದಿನಾ ನಡೆಯುವ ವಸ್ತುವನ್ನು ಯಾರೂ ನೋಡುವುದಿಲ್ಲ. ಮಿಲ್‌ನಲ್ಲಿ ಭತ್ತ ಬರಲಿ ಬಿಡಲಿ, ಮೋಟಾರ್ ಸದ್ದು ಬದಲಾದರೆ ಮೇಸ್ತ್ರಿಗೆ ಗೊತ್ತಾಗುತ್ತದೆ. ಬ್ಯಾಕಪ್ಪಿಗೆ ಸದ್ದೇ ಇಲ್ಲ.

ಸೊಸೈಟಿ_ಕಾರ್ಯದರ್ಶಿ

ಲಿಂಗಸುಗೂರು ಕಡೆಯವನು. ನನ್ನ ಪ್ರಶ್ನೆ ಬೇರೆ. ಅನುಮಾನ ಬಂದಾಗ ವೈರ್ ಕೀಳುವ ಅಧಿಕಾರ ಯಾರಿಗೆ?

2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಅನ್ನುವ ಕಂಪನಿಗೆ ರಾನ್ಸಮ್‌ವೇರ್ ಬಡಿದಿದ್ದು ಪೇಪರಿನಲ್ಲಿ ಓದಿರಬಹುದು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳಿಗೆ, ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು, ಅವರದೇ ತಂತ್ರಜ್ಞಾನ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಏನು ಮಾಡಿತು ಅಂದರೆ ಆ ಕಂಪನಿಯ ಸಂಪರ್ಕವನ್ನೇ ತಾತ್ಕಾಲಿಕವಾಗಿ ಕಡಿದು ಹಾಕಿತು. ಅಷ್ಟು ಬ್ಯಾಂಕಿನ ಗ್ರಾಹಕರ ಯುಪಿಐ ನಿಂತಿತು. ಮರುದಿನ ಪರಿಶೀಲನೆ ಮುಗಿಸಿ ತಿರುಗಿ ಜೋಡಿಸಿದರು. ನಮ್ಮ ಸೊಸೈಟಿಗೆ ಅದು ತಟ್ಟಲಿಲ್ಲ, ಆದರೂ ಸದಸ್ಯರು ಬಂದು ನಮ್ಮ ದುಡ್ಡು ಇದೆಯಾ ಅಂತ ಪಾಸ್‌ಬುಕ್ ಹಿಡಿದು ನಿಂತಿದ್ದರು.

ಅಲ್ಲಿ ಕಡಿಯುವ ಧೈರ್ಯ ಇತ್ತು, ಅಧಿಕಾರವೂ ಇತ್ತು. ನಮ್ಮಲ್ಲಿ? ಕ್ಲರ್ಕ್ ಅನುಮಾನದ ಮೇಲೆ ಸರ್ವರ್ ಬಂದ್ ಮಾಡಿದ, ಆಮೇಲೆ ಏನೂ ಇಲ್ಲ ಅಂತ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಆ ಅರ್ಧ ದಿನದ ಕೆಲಸ ಕೆಟ್ಟಿದ್ದಕ್ಕೆ ಅವನನ್ನು ಬೈಯದೆ ಬಿಡುವ ಅಧ್ಯಕ್ಷರು ಎಷ್ಟು ಜನ? ನಾನೇ ಬೈಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ರಾಯಚೂರು_ಟು_ಬೆಂಗಳೂರು

ಕಾರ್ಯದರ್ಶಿಯವರೇ, ಇದು ಸರಿಯಾದ ಪ್ರಶ್ನೆ. ಸುಳ್ಳು ಎಚ್ಚರಿಕೆಗೆ ಬೈದರೆ ಮುಂದಿನ ಸಲ ನಿಜವಾದ ಎಚ್ಚರಿಕೆ ಬರುವುದಿಲ್ಲ. ಅದಕ್ಕೆ ಮೊದಲೇ ಬರೆದಿಡಬೇಕು, ಇಂಥಿಂಥದ್ದು ಕಂಡರೆ ಕಾಟಾ ಹುಡುಗನೂ ನೆಟ್ ವೈರ್ ಕೀಳಬಹುದು, ಯಾರನ್ನೂ ಕೇಳಬೇಕಾಗಿಲ್ಲ ಅಂತ. ಕಂಪ್ಯೂಟರ್ ಆಫ್ ಮಾಡುವುದಕ್ಕಿಂತ ನೆಟ್ ಬಿಡಿಸುವುದು ಒಳ್ಳೆಯದು, ಆಮೇಲೆ ನೋಡುವವರಿಗೆ ಗುರುತು ಉಳಿದಿರುತ್ತವೆ.

ಇನ್ನೊಂದು. ಇಂಥ ಘಟನೆ ಆದರೆ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನಲ್ಲಿ ಕೇಂದ್ರದ ನಿರ್ದೇಶನ ಬಂದಿದೆ. ಆರು ಗಂಟೆ ಲೆಕ್ಕ ಶುರುವಾಗುವುದು ನಿಮ್ಮ ಗಮನಕ್ಕೆ ಬಂದ ಮೇಲೆ. ಹುಡುಗ ಚಹಾ ಕುಡಿಯಲು ಎದ್ದು ಹೋದರೆ ನಿಮ್ಮ ಗಮನಕ್ಕೆ ಬರುವುದೇ ಮರುದಿನ.

ಜೀನ್ಸ್ ಅಣ್ಣ ಎಲ್ಲಿ ಹೋದರು?

ಬಳ್ಳಾರಿ_ಜೀನ್ಸ್

ಇಲ್ಲೇ ಇದ್ದೇನೆ. ಯೂನಿಟ್‌ನಲ್ಲಿ ನೋಡುತ್ತಿದ್ದೆ. ಹೌದು, ಒಬ್ಬ ದೊಡ್ಡ ಖರೀದಿದಾರರ ಪೋರ್ಟಲ್‌ಗೆ ನಮ್ಮ ಹತ್ತಿರ ಲಾಗಿನ್ ಇದೆ. ಪಾಸ್‌ವರ್ಡ್ ಕಟಿಂಗ್ ಟೇಬಲ್ ಮೇಲಿನ ಗೋಡೆಗೆ ಚಾಕ್‌ನಲ್ಲಿ ಬರೆದಿದೆ. ವಾಷಿಂಗ್‌ನವರು, ಪ್ಯಾಕಿಂಗ್‌ನವರು, ಎಲ್ಲರೂ ಅದರಲ್ಲೇ. ಬಿಟ್ಟು ಹೋದ ಮೂವರಿಗೂ ಗೊತ್ತು. ಅಳಿಸಿದೆ. ಆಮೇಲೆ ನನಗೇ ಮರೆತು ಮತ್ತೆ ಕೇಳಬೇಕಾಯಿತು, ಅದು ಬೇರೆ ಕಥೆ.

ಆದರೂ ಒಂದು ಮಾತು. ಕೂಲಿ ಕಟ್ ಮಾಡದೆ ಶಿಸ್ತು ಹೇಗೆ ಬರುತ್ತದೆ, ಅದು ನನಗೆ ಈಗಲೂ ಅರ್ಥವಾಗಿಲ್ಲ. ಎಲ್ಲದಕ್ಕೂ ಪಾಪ ಅಂತ ಬಿಟ್ಟರೆ ನಾಳೆ ಬೇಕಂತಲೇ ಒತ್ತುತ್ತಾರೆ.

ಲೆಕ್ಕದಕ್ಕ_ಗಂಗಾವತಿ

ಎರಡಕ್ಕೂ ಒಂದೇ ಶಿಕ್ಷೆ ಇಡಬೇಡಿ ಅಣ್ಣಾ. ಒತ್ತಿದ್ದಕ್ಕೆ ಏನೂ ಬೇಡ. ಗೊತ್ತಿದ್ದೂ ಮುಚ್ಚಿಟ್ಟರೆ, ಅದೂ ಹೇಳಿದವರನ್ನು ಬೈಯುವುದಿಲ್ಲ ಅಂತ ನೀವು ಮಾತು ಕೊಟ್ಟು ನಡೆಸಿದ ಮೇಲೂ ಮುಚ್ಚಿಟ್ಟರೆ, ಆಗ ಕೇಳಿ. ಗುಮಾಸ್ತರ ಮಿಲ್‌ನಲ್ಲಿ ಆ ಮಾತು ಯಾರೂ ಕೊಟ್ಟಿರಲಿಲ್ಲವಲ್ಲ.

ಕಾರಟಗಿ_ಗುಮಾಸ್ತ

ಎಲ್ಲರಿಗೂ ಧನ್ಯವಾದ. ಎರಡು ದಿನ ಬರೆಯಲು ಆಗಲಿಲ್ಲ, ಲೋಡಿಂಗ್ ಇತ್ತು.

ನಿಮ್ಮ ಮಾತುಗಳನ್ನು ಫೋನಿನಲ್ಲೇ ಸಾವ್ಕಾರರಿಗೆ ಓದಿ ಹೇಳಿದೆ. ಪ್ರಿಂಟರ್ ವಿಷಯ ಬಂದಾಗ ಮುಖ ಗಂಟು ಹಾಕಿಕೊಂಡರು. ಲಾರಿ ಆಫೀಸಿನವರ ಬೋಲ್ಟ್ ಕಥೆಗೆ ಮಾತ್ರ ನಕ್ಕರು, ಅದನ್ನು ಎರಡು ಸಲ ಓದಿಸಿದರು. ಹುಡುಗ ಉಳಿದ. ಪ್ರಿಂಟರಿನ ದುಡ್ಡು ವಾಪಸ್ ಕೊಡಲಿಲ್ಲ, ಅದನ್ನು ಕೇಳುವ ಧೈರ್ಯ ನನಗೂ ಆಗಲಿಲ್ಲ.

ಹಾರ್ಡ್ ಡಿಸ್ಕ್ ಈಗ ಎರಡು. ಒಂದು ಸಂಜೆ ನಾನು ಬಿಚ್ಚಿ ಸಾವ್ಕಾರರ ಮನೆಯ ತಿಜೋರಿಗೆ ಕೊಡುತ್ತೇನೆ, ಬೆಳಿಗ್ಗೆ ಇನ್ನೊಂದು ತರುತ್ತೇನೆ. ಒಟಿಪಿ ನಂಬರ್ ಬದಲಾಯಿತು. ಮೊದಲು ಕಾಟಾ ಬರೆಯುತ್ತಿದ್ದ ಯಜಮಾನರು ಮರ್ಲಾನಹಳ್ಳಿಯಲ್ಲಿದ್ದಾರೆ, ಕರೆಸಿದೆವು. ಬಂದವರು ಮೊದಲು ಕೇಳಿದ್ದು ಕಾರ್ಬನ್ ಪೇಪರ್ ಈಗಲೂ ಸಿಗುತ್ತದಾ ಅಂತ. ಮೂರು ಪ್ರತಿಯ ಚೀಟಿ ಪುಸ್ತಕ ಗಂಗಾವತಿಯಲ್ಲಿ ಅಚ್ಚು ಹಾಕಿಸಿದೆವು, ನಂಬರ್ ಸಮೇತ, ಮಿಲ್ ಸೀಲ್ ಸಮೇತ. ಹೋದ ಮಂಗಳವಾರ ಸುಮ್ನೆ ಪರೀಕ್ಷೆಗೆ ಅಂತ ಎರಡು ಗಂಟೆ ಕಂಪ್ಯೂಟರ್ ಮುಟ್ಟದೆ ಅದರಲ್ಲೇ ಕಾಟಾ ಮಾಡಿದೆವು. ಹದಿನಾಲ್ಕು ಟ್ರ್ಯಾಕ್ಟರಿನಲ್ಲಿ ಎರಡರ ಲೆಕ್ಕ ತಪ್ಪಿತು. ಒಂದು ನನ್ನದೇ ತಪ್ಪು.

ವೈರ್ ಕೀಳುವ ಅಧಿಕಾರಕ್ಕೆ ಸಾವ್ಕಾರರು ಪೂರ್ತಿ ಒಪ್ಪಿಲ್ಲ. "ಮೊದಲು ನನಗೆ ಫೋನ್ ಮಾಡಲಿ, ಎತ್ತದಿದ್ದರೆ ಕೀಳಲಿ" ಅಂದಿದ್ದಾರೆ. ಅವರು ಮಧ್ಯಾಹ್ನ ಮಲಗಿದರೆ ಫೋನ್ ಎತ್ತುವುದಿಲ್ಲ, ಹಾಗಾಗಿ ನಡೆದೀತು.

ಈಗ ಹೊಸ ತಲೆನೋವು. ಬೆಂಗಳೂರಿನ ಖರೀದಿದಾರರು, ಆ ಎರಡು ಲೋಡ್ ತಡವಾದವರು, ನಾಲ್ಕು ಪುಟದ ಒಂದು ಪಟ್ಟಿ ಕಳಿಸಿದ್ದಾರೆ. ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ, ಯಾರ ಹತ್ತಿರ ಯಾವ ಪಾಸ್‌ವರ್ಡ್, ಹೋದ ಒಂದು ವರ್ಷದಲ್ಲಿ ಏನಾದರೂ ಘಟನೆ ಆಗಿದೆಯಾ, ಹೌದು ಅಥವಾ ಇಲ್ಲ. ಸಾವ್ಕಾರರು "ಇಲ್ಲ ಅಂತ ಬರಿ" ಅನ್ನುತ್ತಿದ್ದಾರೆ. ನಾನು ಆ ಕಾಲಂ ಖಾಲಿ ಬಿಟ್ಟು ಇಟ್ಟಿದ್ದೇನೆ. ನಾಳೆ ಸಂಜೆಯೊಳಗೆ ಕಳಿಸಬೇಕು.

ತೋರಣಗಲ್ಲು_ಶಿಫ್ಟ್

ಹೌದು ಅಂತ ಬರೆಯಿರಿ. ಕೆಳಗೆ ಚೀಟಿ ಪುಸ್ತಕ, ಎರಡು ಡಿಸ್ಕ್, ಮಂಗಳವಾರದ ಪರೀಕ್ಷೆ, ಎಲ್ಲ ಸೇರಿಸಿ. ಅವರಿಗೆ ಮೂರು ದಿನ ಲೋಡ್ ಬರದೇ ಇದ್ದದ್ದು ಗೊತ್ತೇ ಇದೆ, ಇಲ್ಲ ಅಂದರೆ ನಗುತ್ತಾರೆ.

ಬಳ್ಳಾರಿ_ಜೀನ್ಸ್

ಆ ನಾಲ್ಕು ಪುಟದ ಫೋಟೋ ಹಾಕಿ ಗುಮಾಸ್ತರೇ, ಕಂಪನಿ ಹೆಸರು ಮುಚ್ಚಿ. ನನಗೂ ಇಂಥದ್ದೇ ಬಂದಿದೆ, ಮೂರು ತಿಂಗಳಿಂದ ಡ್ರಾಯರ್‌ನಲ್ಲಿದೆ.

ಕಾರಟಗಿ_ಗುಮಾಸ್ತ

ಹಾಕುತ್ತೇನೆ. ಮೊದಲು ಸಾವ್ಕಾರರು ನಿದ್ದೆಯಿಂದ ಏಳಲಿ.